ಹೊಗೆ ಹಿಡಿದ ಕಾಫಿ

ಹೊಳೆದಂಡೆಯ ಆ ಮಠದಲ್ಲಿ ಒಂದು ಕಟ್ಟಳೆ. ಎಲೆಗೆ ಬಿದ್ದದ್ದು ಪ್ರಸಾದ. ಉಪ್ಪು ಕಮ್ಮಿಯಾಯಿತು, ಖಾರ ಹೆಚ್ಚಾಯಿತು ಅಂತ ಯಾರೂ ಬಾಯಿ ಬಿಡುವಂತಿಲ್ಲ.

ಗುರುಮಲ್ಲನಿಗೆ ಈ ಕಟ್ಟಳೆ ಅಂದರೆ ಪ್ರಾಣ. ಅನ್ನ ಮುದ್ದೆಯಾಗಲಿ, ಸಾರು ನೀರಾಗಲಿ, ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದ. ಮಠದ ಶಿಷ್ಯರಲ್ಲಿ ಅವನಷ್ಟು ಮೆತ್ತನೆಯ ಮನಸ್ಸಿನವನು ಇನ್ನೊಬ್ಬನಿರಲಿಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತುಬಳಸಿ ಹೋಗುವ ಆಸಾಮಿ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಒಳ್ಳೆಯವರು ಮಾಡುವ ಎಡವಟ್ಟು ಇದೆಯಲ್ಲ, ಅದು ಕೆಟ್ಟವರ ಕೈಲಿ ಆಗುವಂಥದ್ದಲ್ಲ.

ಮಠದ ಹಿರಿಯ ಸ್ವಾಮಿಗಳನ್ನು ಸುತ್ತಲಿನ ಜನರೆಲ್ಲ ಬುದ್ಧಿ ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಬುದ್ಧಿ ಗುರುಮಲ್ಲನನ್ನು ಕರೆದರು.

"ಸ್ನಾನಘಟ್ಟದ ಪಕ್ಕದ ಮಂಟಪ ಇದೆಯಲ್ಲ, ಅಲ್ಲಿ ದೇವಾಜಮ್ಮ ಹೋಟೆಲು ಇಡ್ತಾಳೆ. ನೀನು ಹೋಗಿ ಜೊತೆಗಿರು."

"ದೇವಾಜಮ್ಮ ಅಂದ್ರೆ, ಕಣ್ಣು ಕಾಣದ ಆಯಮ್ಮನಾ ಬುದ್ಧಿ?"

"ಅಡುಗೆ ಮಾಡೋ ಆಯಮ್ಮ," ಎಂದರು ಬುದ್ಧಿ.

ದೇವಾಜಮ್ಮನ ಕಣ್ಣು ಮದುವೆಯಾದ ಮೇಲೆ ಮಬ್ಬಾಗುತ್ತಾ ಬಂದು, ಕಡೆಗೆ ಪೂರಾ ಹೋಗಿತ್ತು. ಗಂಡನ ಮನೆಯವರು ತಂದು ಅಣ್ಣನ ಮನೆಯಲ್ಲಿ ಬಿಟ್ಟು ಹೋದವರು ಮತ್ತೆ ತಿರುಗಿ ನೋಡಲಿಲ್ಲ. ಅಣ್ಣನೇನೋ ಚೆನ್ನಾಗಿಯೇ ನೋಡಿಕೊಂಡ. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿ, ಹೊತ್ತು ಹೊತ್ತಿಗೆ ತಟ್ಟೆ ತಂದಿಟ್ಟ. ಕೂತು ಕೂತು ಅವಳಿಗೆ ಬದುಕೇ ಸಾಕಾಗಿಹೋಗಿತ್ತು.

ಪೇಟೆಯಲ್ಲಿ ಕಣ್ಣು ಕಾಣದವರಿಗೆ ಅಡುಗೆ ಕಸುಬು ಹೇಳಿಕೊಡುತ್ತಾರೆ ಅಂತ ಕೇಳಿ, ಬುದ್ಧಿಯೇ ಅವಳನ್ನು ಅಲ್ಲಿಗೆ ಕಳಿಸಿದ್ದರು. ಕಲಿತು ಬಂದವಳಿಗೆ ಮಂಟಪ ಬಿಟ್ಟುಕೊಟ್ಟರು. "ನಡೆಸ್ಕೊಂಡು ಹೋದ್ರೆ ನಿನ್ನದು. ಆಗದಿದ್ರೆ ಅಣ್ಣನ ಮನೆ ಇದ್ದೇ ಇದೆ," ಎಂದಿದ್ದರು.

"ಆ ಮೂಲೆಗೆ ಮಾತ್ರ ಮತ್ತೆ ಹೋಗಲ್ಲ ಬುದ್ಧಿ," ಅಂದಿದ್ದಳು ದೇವಾಜಮ್ಮ.

ಮಂಟಪದೊಳಗೆ ಅವಳ ಓಡಾಟ ನೋಡಬೇಕು. ಉಪ್ಪಿನ ಡಬ್ಬಿಗೆ ಒಂದು ಸುತ್ತು ದಾರ, ಸಕ್ಕರೆ ಡಬ್ಬಿಗೆ ಎರಡು. ಲೋಟಕ್ಕೆ ಕಾಫಿ ಬೀಳುವ ಸದ್ದಿನಲ್ಲೇ ತುಂಬಿತೋ ಇಲ್ಲವೋ ತಿಳಿಯುತ್ತಿತ್ತು. ನೋಟನ್ನು ಬೆರಳಿನ ಮೇಲೆ ಮಡಚಿ, ಉದ್ದ ನೋಡಿ, ಇಂತಿಷ್ಟರದು ಅಂತ ಹೇಳುತ್ತಿದ್ದಳು. ಬೆಳಗಾದರೆ ಉಪ್ಪಿಟ್ಟು, ಕಾಫಿ. ಹೊಳೆಗೆ ಮೀಯಲು ಬರುವವರು, ಅಲ್ಲೇ ನಿಲ್ಲುವ ಬಸ್ಸಿನ ಜನ, ಇವರೇ ಗಿರಾಕಿಗಳು.

ಗುರುಮಲ್ಲನಿಗೆ ಮೊದಲ ದಿನವೇ ಕರುಳು ಚುರುಕ್ ಅಂದಿತು.

"ಅಕ್ಕಾ, ಒಲೆ ಹತ್ತಿರ ಮಾತ್ರ ಬರಬೇಡಿ. ಬೆಂಕಿ ನಾನು ನೋಡ್ಕೋತೀನಿ."

"ಅಯ್ಯೋ, ಅದನ್ನೂ ಕಲಿತು ಬಂದಿದೀನಿ ಕಣಪ್ಪ."

"ಬೇಡಿ ಅಕ್ಕಾ. ನಾನಿಲ್ವಾ?"

ಅಷ್ಟಕ್ಕೇ ಬಿಟ್ಟನೇ? ಸೌದೆಗೆ ಅವಳೇಕೆ ಖರ್ಚು ಮಾಡಬೇಕು ಅಂತ, ಹೊಳೆಯಲ್ಲಿ ತೇಲಿ ಬಂದ ಮರದ ತುಂಡುಗಳನ್ನು ತಾನೇ ಹೊತ್ತು ತಂದು ಸೀಳಿ ಒಟ್ಟಿದ. ಮೇಲೆ ನೋಡಿದರೆ ಒಣಗಿದಂತೆಯೇ ಇತ್ತು. ಒಲೆಗಿಟ್ಟರೆ ಹೊಗೆಯೋ ಹೊಗೆ.

"ಯಾಕೋ ಕಣ್ಣು ಉರೀತದೆ ಗುರುಮಲ್ಲಪ್ಪ. ಸೌದೆ ಒಣಗಿದೆ ತಾನೇ?"

"ಒಣಗಿದೆ ಅಕ್ಕಾ."

ಬೆಳಗಿನಿಂದ ಹೊಗೆಯಲ್ಲೇ ನಿಂತ ಮೂಗಿಗೆ ಹೊಗೆಯ ವಾಸನೆ ತಿಳಿಯುವುದಿಲ್ಲ, ನಾಲಿಗೆಗೂ ಹತ್ತುವುದಿಲ್ಲ. ಕಣ್ಣಿದ್ದವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ.

ಬಸ್ಸಿನ ಡ್ರೈವರ್ ಜವರಪ್ಪ ಒಂದು ಗುಟುಕು ಕುಡಿದವನು ಮುಖ ಕಿವುಚಿದ. ಗುರುಮಲ್ಲನನ್ನು ಕಣ್ಸನ್ನೆಯಲ್ಲಿ ಪಕ್ಕಕ್ಕೆ ಕರೆದ.

"ಏನ್ ಸ್ವಾಮಿ ಇದು? ಕಾಫಿ ಹೊಗೆ ನಾತ ಹೊಡೀತದೆ. ಉಪ್ಪಿಟ್ಟೂ ಹಾಗೇ. ಬಾಯಿಗಿಡಕ್ಕಾಗಲ್ಲ."

ಗುರುಮಲ್ಲ ಕೈ ಮುಗಿದುಬಿಟ್ಟ.

"ದಮ್ಮಯ್ಯ ಅಣ್ಣಾ, ಆಯಮ್ಮನ ಕಿವಿಗೆ ಮಾತ್ರ ಹಾಕಬೇಡಿ. ಕಣ್ಣಿಲ್ಲದವರು. ಎಷ್ಟು ಕಷ್ಟಪಟ್ಟು ಮಾಡಿದಾರೆ ನೋಡಿ. ಪ್ರಸಾದ ಅಂದ್ಕೊಂಡು ಕುಡಿದುಬಿಡಿ."

ಜವರಪ್ಪ ಒಲೆಯ ಕಡೆ ನೋಡಿದ. "ಅಯ್ಯೋ ಪಾಪ," ಅಂದ. ಮೂಗು ಹಿಡಿದು ಕುಡಿದು, "ಚೆನ್ನಾಗಿತ್ತು ಕಣಕ್ಕಾ," ಅಂತ ಕೂಗಿ ಹೇಳಿ, ಕಾಸು ಕೊಟ್ಟು ಹೋದ. ಮಾರನೆಯ ದಿನದಿಂದ ಅವನ ಬಸ್ಸು ಮಂಟಪದ ಮುಂದೆ ನಿಂತರೂ ಅವನು ಮಾತ್ರ ಇಳಿಯಲಿಲ್ಲ.

ಆಮೇಲೆ ಬಂದವರಿಗೂ ಗುರುಮಲ್ಲ ಅದನ್ನೇ ಹೇಳಿದ. ಬಂದವರು ಕೂರುವುದರೊಳಗೆ ಹತ್ತಿರ ಹೋಗಿ ಪಿಸುಗುಟ್ಟುತ್ತಿದ್ದ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದರು. ಯಾರೂ ಎರಡನೆಯ ಸಲ ಬರುತ್ತಿರಲಿಲ್ಲ.

"ಎಲೆಯಲ್ಲೇನಾದ್ರೂ ಉಳೀತಾ ಗುರುಮಲ್ಲಪ್ಪ?" ಅಂತ ದೇವಾಜಮ್ಮ ದಿನವೂ ಕೇಳುವಳು. ಅಡುಗೆಯವರು ನೋಡಿಕೊಳ್ಳುವುದೇ ಅದನ್ನು. ಎತ್ತಿದ ಎಲೆ ಹೇಳುವಷ್ಟು ಸತ್ಯವನ್ನು ಉಂಡವರ ಬಾಯಿ ಹೇಳುವುದಿಲ್ಲ.

"ಏನೂ ಇಲ್ಲ ಅಕ್ಕಾ. ಬಳಿದು ತಿಂದವ್ರೆ," ಅನ್ನುತ್ತಾ ಗುರುಮಲ್ಲ ಅರ್ಧ ತುಂಬಿದ ಎಲೆಗಳನ್ನು ಸದ್ದಾಗದಂತೆ ಮಡಚಿ ದನಗಳಿಗೆ ಹಾಕಿ ಬರುತ್ತಿದ್ದ.

ಒಂದು ದಿನ ಹೊತ್ತೇರಿತು. ಕುದಿಸಿಟ್ಟ ಹಾಲು ಆರಿ ಕೆನೆ ಕಟ್ಟಿತು. ಒಂದು ನರಪಿಳ್ಳೆಯೂ ಬರಲಿಲ್ಲ. ದೇವಾಜಮ್ಮ ಹಲಗೆಯ ಮೇಲೆ ಕೂತು ಸೆರಗಿನಿಂದ ಕೈ ಒರೆಸಿಕೊಂಡಳು.

"ಅಣ್ಣಂಗೆ ಹೇಳಿ ಕಳಿಸಪ್ಪ. ಬಂದು ಕರ್ಕೊಂಡು ಹೋಗಲಿ."

"ಯಾಕಕ್ಕಾ? ಇನ್ನೂ ಸ್ವಲ್ಪ ದಿನ ನೋಡೋಣ."

"ಏನು ನೋಡೋದು? ಬಂದೋರೆಲ್ಲ ಅಡುಗೆ ಚೆನ್ನಾಗಿದೆ ಅಂತಾರೆ. ಎಲೆಯಲ್ಲಿ ಒಂದಗುಳೂ ಉಳಿಯಲ್ಲ ಅಂತ ನೀನಂತೀಯ. ಆದ್ರೂ ಮತ್ತೆ ಬರಲ್ಲ. ಹಂಗಾದ್ರೆ ಏನರ್ಥ? ಕುರುಡಿ ಕೈಯಡುಗೆ ತಿನ್ನೋಕೆ ಹೇಸ್ಕೋತಾರೆ, ಅಷ್ಟೇ ತಾನೇ?"

ಗುರುಮಲ್ಲ ಒಲೆಯ ಮುಂದಿನ ಬೂದಿ ಕೆದಕಿದ.

"ಅಡುಗೆ ಕೆಟ್ಟಿದ್ರೆ ತಿದ್ಕೋತಿದ್ದೆ ಕಣಪ್ಪ," ಅಂದಳು ದೇವಾಜಮ್ಮ. "ಕಣ್ಣನ್ನ ಎಲ್ಲಿಂದ ತರಲಿ?"

ಹೇಳಿಬಿಡಲೇ ಅನ್ನಿಸಿತು ಅವನಿಗೆ. ತುಟಿಯವರೆಗೂ ಬಂತು. ಮೊದಲೇ ನೊಂದಿರುವವಳಿಗೆ ಇದನ್ನೂ ಹೇಳಿ ಇನ್ನಷ್ಟು ನೋಯಿಸಲೇ ಅಂತ ನುಂಗಿಕೊಂಡ. ನುಂಗಿಕೊಂಡು ನೇರ ಮಠಕ್ಕೆ ಓಡಿದ.

ಬುದ್ಧಿ ಅಂಗಳದಲ್ಲಿ ಹೂವಿನ ಗಿಡಕ್ಕೆ ಪಾತಿ ಮಾಡುತ್ತಿದ್ದರು.

"ಬುದ್ಧಿ, ಭಕ್ತರಿಗೆ ತಾವು ಒಂದು ಮಾತು ಅಪ್ಪಣೆ ಕೊಡಿಸಬೇಕು. ಹೊಳೆಗೆ ಬಂದವರೆಲ್ಲ ದೇವಾಜಮ್ಮನ ಹೋಟೆಲಲ್ಲೇ ತಿನ್ನಲಿ, ಪುಣ್ಯ ಬರುತ್ತೆ ಅಂತ."

"ಪುಣ್ಯಕ್ಕೋಸ್ಕರ ಎಷ್ಟು ದಿನ ಕಾಫಿ ಕುಡೀತಾರೆ?"

ಗುರುಮಲ್ಲ ತಲೆ ತಗ್ಗಿಸಿದ.

"ನೀನು ಕುಡೀತೀಯೇನು?"

"ದಿನಾ ಕುಡೀತೀನಿ ಬುದ್ಧಿ."

"ಹೇಗಿದೆ?"

"ಪ್ರಸಾದ ಬುದ್ಧಿ."

ಬುದ್ಧಿ ಗುದ್ದಲಿ ಗೋಡೆಗೊರಗಿಸಿ ಕೈ ತೊಳೆದರು.

"ನಡಿ. ನಂಗೂ ಬಾಯಾರಿದೆ."

ಬುದ್ಧಿ ಮಠದ ಹೊರಗೆ ಏನನ್ನೂ ಬಾಯಿಗಿಟ್ಟದ್ದನ್ನು ಕಂಡವರಿರಲಿಲ್ಲ. ಅವರು ಮಂಟಪದ ಹಲಗೆಯ ಮೇಲೆ ಎಲ್ಲರಂತೆ ಕೂತಾಗ, ಮಿಂದು ಬರುತ್ತಿದ್ದವರು ಅಲ್ಲಲ್ಲೇ ನಿಂತರು. ಬಸ್ಸಿನಿಂದಲೂ ನಾಲ್ಕು ತಲೆ ಹೊರಗೆ ಬಂದವು. ದೇವಾಜಮ್ಮನಿಗೆ ದನಿ ಕೇಳಿಯೇ ಕೈಕಾಲು ಆಡದಂತಾಯಿತು. ಸಾವರಿಸಿಕೊಂಡು ಕಾಫಿ ಬೆರೆಸಿ, ಲೋಟ ಮುಂದಿಟ್ಟು, ಕೈಮುಗಿದು ನಿಂತಳು.

ಬುದ್ಧಿ ಒಂದು ಗುಟುಕು ಕುಡಿದರು. ಪಕ್ಕಕ್ಕೆ ತಿರುಗಿ ಥೂ ಅಂತ ಉಗಿದರು.

"ಏನಮ್ಮಾ ಇದು! ಕಾಫಿನೋ ಹೊಗೆ ಕಷಾಯನೋ? ಮನುಷ್ಯರು ಕುಡೀಬೇಕು ಅಂತ ಮಾಡಿದ್ದೀಯೋ ಇಲ್ಲವೋ?"

ನಿಂತಿದ್ದವರಲ್ಲಿ ಯಾರೋ ಶಿವಶಿವಾ ಅಂದರು. ಕಣ್ಣಿಲ್ಲದ ಹೆಂಗಸಿಗೆ, ಇಷ್ಟು ಜನರೆದುರಿಗೆ, ಅದೂ ಬುದ್ಧಿಯ ಬಾಯಲ್ಲಿ ಇಂಥ ಮಾತೇ? ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಗುರುಮಲ್ಲನಿಗೆ.

ದೇವಾಜಮ್ಮ ಅಳಲಿಲ್ಲ.

"ಹೊಗೆನಾ ಬುದ್ಧಿ?" ಅಂದಳು. "ಇವತ್ತು ಮಾತ್ರಾನಾ? ದಿನಾನಾ?"

"ನಾನು ಬಂದಿರೋದೇ ಇವತ್ತು. ನಂಗೇನು ಗೊತ್ತು? ಇವನನ್ನ ಕೇಳು."

ಅವಳ ಮುಖ ಗುರುಮಲ್ಲನ ಉಸಿರಿದ್ದ ಕಡೆಗೆ ತಿರುಗಿತು. ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಜವರಪ್ಪ ಕೂಗಿದ.

"ಮೊದಲ ದಿನದಿಂದಲೂ ಅಂಗೇ ಕಣಕ್ಕೋ! ಹೇಳಬೇಡಿ ಅಂತ ಈ ಸ್ವಾಮಿ ಕೈ ಮುಗಿದರು. ಅದಕ್ಕೇ ಬಾಯಿ ಮುಚ್ಕೊಂಡೆ."

"ಎಲ್ಲಿ, ಒಂದೆರಡು ಸೌದೆ ಕೊಡಿಲ್ಲಿ," ಅಂದಳು ದೇವಾಜಮ್ಮ.

ಗುರುಮಲ್ಲ ತಂದುಕೊಟ್ಟ. ಅವಳು ಕೈಯಲ್ಲಿ ತೂಗಿ ನೋಡಿ, ಎರಡನ್ನೂ ಒಂದಕ್ಕೊಂದು ಬಡಿದಳು. ದಬ್ ಅಂತ ಮಂಕು ಸದ್ದು ಬಂತು.

"ಹಸಿ! ಒಳಗೆಲ್ಲ ನೀರು ಕುಡಿದಿದೆ." ಸೌದೆ ನೆಲಕ್ಕೆ ಹಾಕಿದಳು. ಆಮೇಲೆ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. "ಹೊಗೆ! ಬರೀ ಹೊಗೆ ಕಣ್ರಪ್ಪಾ! ಜನ ನನ್ನ ಕಣ್ಣಿಗೆ ಹೇಸಿ ಬರ್ತಿಲ್ಲ ಅಂದ್ಕೊಂಡು, ದಿನಾ ಎಷ್ಟು ಬೆಂದುಹೋದೆ!"

ಗುರುಮಲ್ಲ ಅವಳ ಮುಂದೆ ಕುಸಿದು ಕೂತ.

"ತಪ್ಪಾಯ್ತು ಅಕ್ಕಾ. ನಿಮಗೆ ನೋವಾಗಬಾರದು ಅಂತ..."

ಅವಳ ನಗು ನಿಂತಿತು.

"ಗುರುಮಲ್ಲಪ್ಪ, ನನ್ನ ಕಣ್ಣು ಹೋದಾಗಲೂ ನಂಗೆ ಇಷ್ಟು ಕತ್ತಲಾಗಿರಲಿಲ್ಲ. ಜನರ ಮುಖ ಕಾಣದಿದ್ರೆ ಏನಾಯ್ತು, ಬಾಯಲ್ಲಿ ಹೇಳ್ತಾರೆ, ಕೇಳಿಸ್ಕೋತೀನಿ ಅಂತ ಧೈರ್ಯ ಇತ್ತು. ನೀನು ಅವರ ಬಾಯನ್ನೂ ಕಟ್ಟಿಹಾಕಿದೆ. ನಾಳೆಯಿಂದ ಬರಬೇಡ ಕಣಪ್ಪ. ಕೋಪಕ್ಕೆ ಹೇಳ್ತಿಲ್ಲ. ನೀನು ಹತ್ತಿರ ಇದ್ರೆ ನಂಗೇನೂ ಗೊತ್ತಾಗಲ್ಲ."

ಬುದ್ಧಿ ಎದ್ದರು. ಕುಡಿಯದ ಕಾಫಿಗೂ ದುಡ್ಡು ಕೊಟ್ಟರು. ಅವಳು ನೋಟನ್ನು ಬೆರಳಿಗೆ ಸುತ್ತಿ ನೋಡಿ, ಚಿಲ್ಲರೆ ವಾಪಸ್ಸು ಕೊಟ್ಟಳು.

ಮಠದ ದಾರಿಯಲ್ಲಿ ಗುರುಮಲ್ಲ ಬುದ್ಧಿಯ ಹಿಂದೆ ನಡೆದ. ಹುಣಸೆ ಮರದ ಹತ್ತಿರ ಬಂದಾಗ ತಡೆಯಲಾರದೆ ನಿಂತ.

"ಬುದ್ಧಿ, ಅನ್ನಕ್ಕೆ ಹೆಸರಿಡಬಾರದು ಅಂತ ತಾವೇ ಕಲಿಸಿದ್ದು. ಅಲ್ಲಿ ತಾವೇ ಉಗಿದಿರಿ. ನಾನು ಯಾವುದನ್ನ ಹಿಡೀಲಿ?"

"ಮಠದಲ್ಲಿ ಉಣ್ಣೋದು ನಿನ್ನ ಹಸಿವಿಗೆ. ಅಲ್ಲಿ ಉಳೀಬೇಕಾದ್ದು ಅವಳ ಹೆಸರು," ಎಂದು ಬುದ್ಧಿ ನಡೆಯುತ್ತಲೇ ಹೋದರು.

ಅವನು ಓಡಿ ಜೊತೆಗೂಡಿದ.

"ನಾನು ಕರುಣೆಯಿಂದ ಮಾಡಿದೆ ಬುದ್ಧಿ."

"ನಿನ್ನೆ ನೀನು ಪಾಠ ತಪ್ಪಾಗಿ ಒಪ್ಪಿಸಿದಾಗ ನಾನೇನು ಮಾಡಿದೆ?"

"ಬೈದಿರಿ. ಮತ್ತೆ ಹೇಳಿಸಿದಿರಿ."

"ನಿನ್ನ ಮೇಲೆ ನನಗೆ ಕರುಣೆ ಇಲ್ಲವೇನು?"

ಅವತ್ತು ಗುರುಮಲ್ಲನಿಗೆ ಊಟ ಸೇರಲಿಲ್ಲ.

ಅದಾದ ಮೇಲೆ ಅವನು ಘಟ್ಟದ ಕಡೆ ತಲೆ ಹಾಕಲಿಲ್ಲ. ಸುದ್ದಿ ಮಾತ್ರ ತಾನಾಗಿ ಬರುತ್ತಿತ್ತು. ದೇವಾಜಮ್ಮ ಸೌದೆ ಮಂಡಿಯಿಂದ ಒಣ ಸೌದೆ ತರಿಸಿದಳಂತೆ, ಒಂದೊಂದನ್ನೂ ಬಡಿದು ನೋಡಿಯೇ ಇಳಿಸಿಕೊಂಡಳಂತೆ. ಒಲೆಯನ್ನು ಈಗ ಅವಳೇ ಉರಿಸುತ್ತಾಳಂತೆ. ಹಾಲಿನ ಪಾತ್ರೆಗೆ ಮುಚ್ಚಳ ಬಂದಿದೆಯಂತೆ. ಬುದ್ಧಿ ಉಗಿದ ಕಾಫಿ ಈಗ ಹೇಗಿದೆ ನೋಡೋಣ ಅಂತಲೇ ಜನ ಹೋಗುತ್ತಿದ್ದಾರಂತೆ. ಕೇಳಿ ಅವನಿಗೆ ಸಂತೋಷವಾಗುತ್ತಿತ್ತು, ಸಂಕಟವೂ ಆಗುತ್ತಿತ್ತು. ತಾನಿಲ್ಲದ್ದಕ್ಕೇ ಎಲ್ಲ ಸರಿಹೋಯಿತಲ್ಲ ಅಂತ ಸಂಕಟ.

ಬುದ್ಧಿ ಗಮನಿಸುತ್ತಲೇ ಇದ್ದರು. ಒಂದು ಬೆಳಿಗ್ಗೆ ಅವನ ಕೈಗೆ ಕಾಸು ಹಾಕಿದರು.

"ಹೋಗಿ ತಿಂಡಿ ತಿಂದು ಬಾ."

"ಎಲ್ಲಿ ಬುದ್ಧಿ?"

"ಎಲ್ಲಿ ಅಂತ ಕೇಳ್ತೀಯಲ್ಲ!"

ಗುರುಮಲ್ಲ ಹೋಗಿ ಹಲಗೆಯ ತುದಿಯಲ್ಲಿ ಮುದುಡಿ ಕೂತ. ಮಾತಾಡಲಿಲ್ಲ. ಆಗಷ್ಟೇ ಇಳಿಸಿದ ಉಪ್ಪಿಟ್ಟಿನ ಮೊದಲ ಎಲೆ ಅವನ ಮುಂದೆಯೇ ಬಂತು. ಬಾಯಿಗಿಟ್ಟ. ಹೊಗೆಯ ಸುಳಿವೇ ಇಲ್ಲ. ಒಗ್ಗರಣೆ ಘಮಘಮ ಅನ್ನುತ್ತಿತ್ತು. ಆದರೆ ಉಪ್ಪಿಟ್ಟು ಅಂಟಂಟು. ರವೆ ಹುರಿದದ್ದು ಸಾಲದಾಗಿತ್ತು.

ಎರಡನೆಯ ತುತ್ತು ತಿಂದ. ಅಂಟೇ. ಆ ಕಡೆ ಅವಳು ಬೇರೆಯವರಿಗೂ ಬಡಿಸುತ್ತಿದ್ದಳು.

ಇಷ್ಟು ದಿನದ ಅಭ್ಯಾಸ ಗಂಟಲಲ್ಲಿ ಕೂತು, ಸುಮ್ಮನೆ ನುಂಗು, ನುಂಗು ಅನ್ನುತ್ತಿತ್ತು. ಬುದ್ಧಿ ಎದುರಿಗೆ ಪಾಠ ಒಪ್ಪಿಸುವಾಗಲೂ ಅವನು ಇಷ್ಟು ಹೆದರಿರಲಿಲ್ಲ.

"ಅಕ್ಕಾ," ಅಂದ. ದನಿ ಕೀರಲಾಗಿ ಬಂತು. "ಉಪ್ಪಿಟ್ಟು ಅಂಟಾಗಿದೆ. ರವೆ ಇನ್ನೂ ಹುರೀಬೇಕಿತ್ತು."

ದೇವಾಜಮ್ಮನ ಸೌಟು ಅಲ್ಲೇ ನಿಂತಿತು.

"ಯಾರದು? ಗುರುಮಲ್ಲಪ್ಪನಾ?"

"ಹೂಂ ಅಕ್ಕಾ."

"ಅಂಟಾ? ನಾನು ಮಾಡಿದ ಉಪ್ಪಿಟ್ಟಾ? ಮಠದಲ್ಲಿ ಗೋಡೆಗೆ ಹಚ್ಚೋ ಗಾರೆಯಂಥದ್ದು ತಿಂದು ಕಣ್ಣಿಗೊತ್ಕೊಳ್ಳೋನು ನನ್ನ ಉಪ್ಪಿಟ್ಟಿಗೆ ಹೆಸರಿಡೋಕೆ ಬಂದ್ಯಾ?"

ಗುರುಮಲ್ಲನ ಕಾಲು ಎದ್ದು ಓಡಲು ಸಿದ್ಧವಾಗಿತ್ತು. ಆದರೂ ಕೂತಲ್ಲೇ ಕೂತ.

"ಅಂಟೇ ಅಕ್ಕಾ," ಅಂದ. "ನೀವೇ ನೋಡಿ."

ಪಕ್ಕದಲ್ಲಿ ತಿನ್ನುತ್ತಿದ್ದ ಜವರಪ್ಪ, "ಹೌದಕ್ಕೋ, ಇವತ್ತು ಒಂಚೂರು ಅಂಟೇಯ," ಅಂದ.

ಅವಳು ಪಾತ್ರೆಯಿಂದ ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ಹೊಸಕಿ, ಬಾಯಿಗೆ ಹಾಕಿಕೊಂಡಳು.

"ಹೂಂ. ಬಸ್ಸು ಬಂದುಬಿಡ್ತದೆ ಅಂತ ಆತುರ ಮಾಡಿದೆ." ಪಾತ್ರೆ ಸರಿಸಿ, ಬಾಣಲೆಗೆ ಬೇರೆ ರವೆ ಸುರಿದಳು. ಆಮೇಲೆ ಸೌಟು ಅವನ ಕಡೆಗೇ ತೋರಿಸಿ ಗದರಿದಳು. "ಅಲ್ಲ ಕಣಯ್ಯ, ಇಷ್ಟು ಹೊತ್ತು ಎಲೆ ಮುಂದಿಟ್ಕೊಂಡು ಏನು ಜಪ ಮಾಡ್ತಿದ್ದೆ? ಮೊದಲ ತುತ್ತಿಗೇ ಬಾಯಿ ಬಿಡೋಕೇನಾಗಿತ್ತು ರೋಗ? ಅಷ್ಟರಲ್ಲಿ ಎಲ್ಲರಿಗೂ ಬಡಿಸಿಬಿಟ್ಟೆನಲ್ಲ!"

ಹಲಗೆಯ ಮೇಲಿದ್ದವರೆಲ್ಲ ನಕ್ಕರು. ಗುರುಮಲ್ಲನಿಗೂ ನಗು ಬಂತು. ಬೈಸಿಕೊಂಡು ಇಷ್ಟು ಹಗುರಾಗಬಹುದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಎಲೆಯಲ್ಲಿದ್ದದ್ದನ್ನು ಬಳಿದು ತಿಂದು, ಕಾಸು ಎಣಿಸಿಕೊಟ್ಟು, ಎದ್ದ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳು ಏನೋ ಕೂಗಿ ಹೇಳಿದಳು. ಕೇಳಿದವನು ಮಠದವರೆಗೂ ನಿಲ್ಲದೆ ಓಡಿದ.

ಬುದ್ಧಿ ಜಗಲಿಯ ಮೇಲಿದ್ದರು.

"ಬುದ್ಧಿ, ಬೈದರು! ಎಲ್ಲರೆದುರಿಗೂ ಚೆನ್ನಾಗಿ ಬೈದರು!"

"ಆಮೇಲೆ?"

"ನಾಳೆಯಿಂದ ಬಾ ಅಂದರು."

"ಸಹಾಯಕ್ಕೆ ಬಾ ಅಂದಳೇನು?"

ಗುರುಮಲ್ಲ ನೆನಪು ಮಾಡಿಕೊಂಡ.

"ಇಲ್ಲ ಬುದ್ಧಿ. ಕೆಲಸಕ್ಕೆ ಬಾ ಅಂದರು."

ಬುದ್ಧಿ ಅವನ ಮುಖವನ್ನೇ ನೋಡಿದರು. ಅವರ ಗಡ್ಡದೊಳಗೆ ನಗು ಆಡಿತು.

"ಹಾಗಾದ್ರೆ ಹೊತ್ತು ಹುಟ್ಟೋಕೆ ಮುಂಚೆ ಹೋಗು. ತಡವಾಗಿ ಹೋದ್ರೆ ಯಜಮಾನಿ ಸುಮ್ಮನೆ ಬಿಡಲ್ಲ."